ಕರ್ತೃವೊಬ್ಬನು, ಭೋಕ್ತೃವು ಮತ್ತೊಬ್ಬನು

"ಮಾಡಿದ್ದುಣ್ಣೋ ಮಹಾರಾಯ" ಎಂಬುದು ನಮ್ಮ ಜನರ ಬಾಯಲ್ಲಿ ಸದಾ ಕೇಳಿಬರುವ ಗಾದೆಯು. ಕರ್ತೃವು ಯಾರೋ ಫಲಭೋಕ್ತೃವೂ ಅವನೇ ಎಂಬ ಶಾಸ್ತ್ರಾರ್ಥವನ್ನು ನಮ್ಮ ಹಿರಿಯರು ಎರಡೇ ಮಾತುಗಳಲ್ಲಿ ಅಡಕಮಾಡಿದ್ದಾರೆ. ಮೂವತ್ತೈದು ವರ್ಷಗಳ ಕಾಲ ನಾನೂ ಮಕ್ಕಳಿಗೆ ಇದನ್ನೇ ಬೋಧಿಸಿದೆನು. ಆದರೆ ಮಾಡುವವನೊಬ್ಬನು, ಉಣ್ಣುವವನು ಮತ್ತೊಬ್ಬನು, ಇಬ್ಬರೂ ಒಬ್ಬರ ಮುಖವನ್ನೊಬ್ಬರು ಕಾಣರು, ಇಂಥ ಕರ್ಮವೂ ಲೋಕದಲ್ಲುಂಟೆಂಬುದು ಈಚೆಗೆ ನನಗೆ ಮನವರಿಕೆಯಾಗಿದೆ. ಅಲ್ಲಿ ದೋಷವು ಯಾರದೆಂಬುದೇ ಈ ಲೇಖನದ ವಿಚಾರ.

ಮೊದಲು ನನ್ನ ತಪ್ಪನ್ನೇ ನಿವೇದಿಸುವೆನು. ನೆಗಡಿ ಬಂದಾಗಲೆಲ್ಲ ವೈದ್ಯರನ್ನು ಕೇಳದೆ, ಅಂಗಡಿಯಿಂದ ನಾಲ್ಕಾರು ಆಂಟಿಬಯಾಟಿಕ್ ಮಾತ್ರೆಗಳನ್ನು ತರಿಸಿ ನುಂಗುವುದು ನನ್ನ ಅಭ್ಯಾಸವಾಗಿತ್ತು. ಉಳಿದವನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು, ನೆರೆಮನೆಯ ಮಕ್ಕಳು ಕೆಮ್ಮಿದರೆ ಕೊಡುತ್ತಿದ್ದೆನು. ಅದನ್ನು ಪರೋಪಕಾರವೆಂದೇ ಎಣಿಸಿದ್ದೆನು. 2022ರಲ್ಲಿ ನನ್ನ ಬಾಲ್ಯಸ್ನೇಹಿತರೊಬ್ಬರು ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಯನ್ನು ಸೇರಿದರು. ಗಾಯವು ಮಾಯಿತು; ಆದರೆ ನ್ಯುಮೋನಿಯಾ ತಲೆದೋರಿ, ರೋಗಾಣುಗಳು ರಕ್ತವನ್ನೂ ಹೊಕ್ಕವು. ಪರೀಕ್ಷೆಯಲ್ಲಿ ಕಂಡುಬಂದದ್ದು ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ. ವೈದ್ಯರು ಒಂದೊಂದಾಗಿ ಔಷಧಗಳನ್ನು ಬದಲಿಸಿದರು, ಒಂದೂ ನಾಟಲಿಲ್ಲ. ಹನ್ನೊಂದನೆಯ ದಿವಸ ಸ್ನೇಹಿತರು ತೀರಿಕೊಂಡರು. ಅವರ ಹಾಸಿಗೆಯ ಬಳಿ ಔಷಧದ ಸೀಸೆಗಳಿಗೆ ಕೊರತೆಯಿರಲಿಲ್ಲ.

ಆ ಮೇಲೆ ನಾನು ಈ ವಿಷಯವನ್ನು ವಿಚಾರಿಸತೊಡಗಿದೆನು. ನೆಗಡಿಯು ವೈರಸ್ಸುಗಳಿಂದ ಬರತಕ್ಕದ್ದು. ಅವುಗಳ ಮೇಲೆ ಆಂಟಿಬಯಾಟಿಕ್ಕುಗಳ ಆಟ ಸಾಗದು. ಆದರೂ ನುಂಗಿದ ಮಾತ್ರೆಯು ಸುಮ್ಮನಿರುವುದಿಲ್ಲ. ನಮ್ಮ ಕರುಳಿನಲ್ಲಿ ಅಸಂಖ್ಯಾತ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅನೇಕರಲ್ಲಿ ಕ್ಲೆಬ್ಸಿಯೆಲ್ಲಾವೂ ಯಾವ ಉಪದ್ರವವನ್ನೂ ಕೊಡದೆ ಅಲ್ಲಿಯೇ ಇರುತ್ತದೆ. ಮಾತ್ರೆಯು ಇವುಗಳಲ್ಲಿ ತನಗೆ ಮಣಿಯುವವನ್ನು ಕೊಲ್ಲುತ್ತದೆ. ಔಷಧವನ್ನು ತಡೆಯುವ ಗುಣವುಳ್ಳ ಕೆಲವು ಉಳಿದುಕೊಂಡು, ತೆರವಾದ ಸ್ಥಳದಲ್ಲಿ ವೃದ್ಧಿಹೊಂದುತ್ತವೆ. ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರದ ಮೂಲಕ ಈ ವಿದ್ಯೆಯನ್ನು ಅವು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾನಮಾಡಬಲ್ಲವು. ಪಾಠಶಾಲೆಯಲ್ಲಿ ವ್ಯಾಕರಣವನ್ನು ಕಲಿಯಲು ನಮಗೆ ವರ್ಷಗಳೇ ಬೇಕಾದವು. ಇವುಗಳ ವಿದ್ಯಾಭ್ಯಾಸಕ್ಕೆ ಒಂದು ರಾತ್ರಿ ಸಾಕು. ಬಳಿಕ ಅವು ಮಲಿನವಾದ ನೀರಿನಿಂದಲೂ ತೊಳೆಯದ ಕೈಗಳಿಂದಲೂ ಸಂಚರಿಸಿ, ಎಲ್ಲಿಯೋ ನಿಶ್ಶಕ್ತನಾಗಿ ಮಲಗಿದವನನ್ನು ಹಿಡಿಯುತ್ತವೆ.

1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಮಹಾಶಯರೇ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಈ ಅಪಾಯವನ್ನು ಸೂಚಿಸಿದ್ದರು. ಅವರು ಕಲ್ಪಿಸಿದ ಕಥೆಯಲ್ಲಿ ಗಂಟಲುನೋವಿನ ಗೃಹಸ್ಥನೊಬ್ಬನು ಸಾಲದಷ್ಟು ಪೆನಿಸಿಲಿನ್ ತೆಗೆದುಕೊಂಡು ರೋಗಾಣುಗಳಿಗೆ ಪ್ರತಿರೋಧವನ್ನು ಕಲಿಸುತ್ತಾನೆ. ಅವು ಹೆಂಡತಿಗೆ ಅಂಟುತ್ತವೆ. ನ್ಯುಮೋನಿಯಾಕ್ಕೆ ಕೊಟ್ಟ ಪೆನಿಸಿಲಿನ್ ಫಲಿಸದೆ ಅವಳು ಸಾಯುತ್ತಾಳೆ. ಅಲ್ಲಿ ಕರ್ತೃವೂ ಭೋಕ್ತೃವೂ ಒಂದೇ ಮನೆಯವರು. ಇಂದು ಅವರ ನಡುವೆ ಸಮುದ್ರಗಳೇ ಇರಬಹುದು. 2008ರಲ್ಲಿ, ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬನ ಕ್ಲೆಬ್ಸಿಯೆಲ್ಲಾದಲ್ಲಿ, ಕಡೆಯ ಆಸರೆಯಾದ ಕಾರ್ಬಪೆನೆಮ್ ಔಷಧಗಳನ್ನೂ ಒಡೆಯುವ ಕಿಣ್ವವು ದೊರೆಯಿತು. ಅದಕ್ಕೆ ನವದೆಹಲಿಯ ಹೆಸರನ್ನೇ ಇಟ್ಟರು. 2019ರ ಒಂದೇ ವರ್ಷದಲ್ಲಿ ಔಷಧಪ್ರತಿರೋಧದಿಂದಲೇ ಸತ್ತವರು ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರವೆಂದು ವಿದ್ವಾಂಸರ ಅಂದಾಜು.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸಬಹುದು: ನಿನ್ನ ಮಾತ್ರೆಗೂ ನಿನ್ನ ಸ್ನೇಹಿತನ ಮರಣಕ್ಕೂ ಸಂಬಂಧವುಂಟೆನ್ನಲು ಪ್ರಮಾಣವೇನು? ಪ್ರಮಾಣವಿಲ್ಲವೆಂದು ಒಪ್ಪುತ್ತೇನೆ, ಯಾವ ನ್ಯಾಯಾಧೀಶನೂ ನನ್ನನ್ನು ದಂಡಿಸಲಾರನು. ಆದರೆ ಊರ ಕೆರೆಯ ಏರಿಯಿಂದ ಪ್ರತಿಯೊಬ್ಬನೂ ತನ್ನ ಮನೆಗೆಂದು ಒಂದೊಂದು ಕಲ್ಲನ್ನು ಒಯ್ದರೆ, ಕೆರೆಯೊಡೆದ ರಾತ್ರಿ ಯಾರ ಕಲ್ಲಿನಿಂದ ಒಡೆಯಿತೆಂದು ಯಾರೂ ಹೇಳಲಾರರು. ಹೇಳಲಾಗದ ಮಾತ್ರಕ್ಕೆ ಎಲ್ಲರೂ ನಿರ್ದೋಷಿಗಳೆನ್ನಬಹುದೆ? ಫಲವು ಯಾರನ್ನು ಮುಟ್ಟುವುದೆಂದು ತಿಳಿಯದಿರುವುದು ದೋಷವನ್ನು ಕಳೆಯುವುದಿಲ್ಲ; ಪ್ರಾಯಶ್ಚಿತ್ತವನ್ನು ಮಾತ್ರ ಕಷ್ಟವಾಗಿಸುತ್ತದೆ, ಏಕೆಂದರೆ ಯಾರ ಬಳಿ ಕ್ಷಮೆಯನ್ನು ಬೇಡಬೇಕೆಂಬುದೇ ತಿಳಿಯದು.

ಎರಡನೆಯ ಆಕ್ಷೇಪವು ಇದಕ್ಕಿಂತ ತೂಕವಾದುದು. ದಿನಗೂಲಿಯವನು ವೈದ್ಯರ ಶುಲ್ಕಕ್ಕೆ ಹಣವಿಲ್ಲದೆ ಅಂಗಡಿಯವನು ಕೊಟ್ಟ ಎರಡು ಮಾತ್ರೆಗಳಿಂದಲೇ ತೃಪ್ತನಾಗಬೇಕಾಗಿದೆ. ಸಕಾಲದಲ್ಲಿ ಔಷಧವೇ ದೊರೆಯದೆ ಸಾಯುವವರೂ ಬಹುಮಂದಿ. ಅಂಥವರಿಗೆ ಸಂಯಮವನ್ನು ಬೋಧಿಸಲು ನಮಗೇನು ಅಧಿಕಾರ? ಅಧಿಕಾರವಿಲ್ಲವೆಂದೇ ನನ್ನ ಅಭಿಪ್ರಾಯ. 2014ರ ಮಾರ್ಚಿ ತಿಂಗಳಿಂದ ಕೆಲವು ಆಂಟಿಬಯಾಟಿಕ್ಕುಗಳ ಮಾರಾಟವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂಬ ಕಟ್ಟಳೆಯು ನಮ್ಮ ದೇಶದಲ್ಲಿ ಜಾರಿಗೆ ಬಂದಿದೆ. ಕಟ್ಟಳೆಯು ಒಳ್ಳೆಯದೇ, ಆದರೆ ಬಡವನಿಗೆ ಅದು ವೈದ್ಯರನ್ನು ಒದಗಿಸದು. ಹೊಣೆಯು ಆಯ್ಕೆಯಿದ್ದವನ ಮೇಲೆ ಮೊದಲು ಬೀಳುತ್ತದೆ. ನನಗೆ ಪಿಂಚಣಿಯಿತ್ತು, ಬಿಡುವಿತ್ತು, ವೈದ್ಯರ ಮನೆಯು ಎರಡು ಬೀದಿಗಳ ಆಚೆಗಿತ್ತು.

ತಗಡಿನ ಪೆಟ್ಟಿಗೆಯು ಈಗ ಬರಿದಾಗಿದೆ. ಮೊನ್ನೆ ನೆರೆಮನೆಯ ಹೆಣ್ಣುಮಗಳು ತನ್ನ ಮಗುವಿಗೆ ಕೆಮ್ಮೆಂದು ಮಾತ್ರೆಯನ್ನು ಕೇಳಲು ಬಂದಳು. ಇಲ್ಲವೆಂದು ಹೇಳಿ ಕಳುಹಿಸಿದ್ದರೆ ಅರ್ಧ ಧರ್ಮವಾಗುತ್ತಿತ್ತು. ಕೊಡೆಯನ್ನು ತೆಗೆದುಕೊಂಡು ನಾನೇ ಅವರ ಜತೆಗೆ ಹೋದೆನು, ಶುಲ್ಕವನ್ನೂ ಕೊಟ್ಟೆನು. ವೈದ್ಯರು ಮಗುವಿನ ಎದೆಗೆ ನಳಿಗೆಯನ್ನಿಟ್ಟು ಬಹಳ ಹೊತ್ತು ಕೇಳಿ, ಇದಕ್ಕೆ ಆಂಟಿಬಯಾಟಿಕ್ ಬೇಕಿಲ್ಲವೆಂದರು.