ಗೊತ್ತಿದ್ದದ್ದೇ ತಪ್ಪಾಯಿತು

ವಿಜಾಪುರ ಸೀಮೆಯ ಒಬ್ಬ ಹೆಣ್ಣುಮಗಳು. ಎರಡು ಊರುಗಳಲ್ಲಿ ಎರಡೆರಡು ಹೊಲ ಅವಳಿಗಿದ್ದವು. 1938ರಲ್ಲಿ ಗಂಡ ಅವಳಿಂದ ದಾನಪತ್ರ ಬರೆಸಿಕೊಂಡ. ಒಂದೂರಿನ ಎರಡು ಹೊಲ ಕೊಡು ಎಂದು ಅವನು ಗಂಟುಬಿದ್ದಿದ್ದ, ಅವಳು ಹೂಂ ಅಂದಿದ್ದಳು. ಪತ್ರದಲ್ಲಿ ಮಾತ್ರ ನಾಲ್ಕೂ ಹೊಲ ಸೇರಿಕೊಂಡಿದ್ದವು.

ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 1968ರಲ್ಲಿ. ಹೇಳದೆ ಸೇರಿಸಿದ್ದ ಎರಡು ಹೊಲ ಅವಳಿಗೆ ಮರಳಿದವು; ಆ ಮೋಸ ಅವಳಿಗೆ ತಿಳಿದದ್ದೇ ತಡವಾಗಿ, ತಿಳಿದ ಮೇಲೆ ಅವಳು ತಡಮಾಡಿರಲಿಲ್ಲ. ಒತ್ತಾಯಕ್ಕೆ ಮಣಿದು ಕೊಟ್ಟ ಎರಡು ಮಾತ್ರ ಹೋದವು. ಗಂಡ ಒತ್ತಾಯದಿಂದ ಬರೆಸಿಕೊಳ್ಳುತ್ತಿದ್ದಾನೆಂದು ಆಗಲೇ ಗೊತ್ತಿತ್ತು ಎಂದು ಸಾಕ್ಷಿ ಹೇಳುವಾಗ ಅವಳೇ ಒಪ್ಪಿಕೊಂಡಿದ್ದಳು. ಪತ್ರ ರದ್ದು ಕೋರಿ ದಾವೆ ಹೂಡಲು ಇದ್ದ ಮೂರು ವರ್ಷದ ಗಡುವು ಅಂದೇ ಶುರುವಾಗಿ, ಎಂದೋ ಮುಗಿದುಹೋಗಿತ್ತು. ಗಂಡ ಸಾಯುವವರೆಗೂ ಅವಳು ಅವನ ಹಿಡಿತದಲ್ಲಿದ್ದಳು, ಆಮೇಲಿಂದ ಲೆಕ್ಕ ಹಾಕಿ ಎಂದು ವಕೀಲರು ವಾದಿಸಿದರು. ಕಾಯ್ದೆಯ ಮಾತು ಅದಕ್ಕೆ ಎಡೆ ಕೊಡುವುದಿಲ್ಲ ಎಂದಿತು ಕೋರ್ಟು.

ವಕೀಲರು ಈ ತೀರ್ಪನ್ನು ಇಂದಿಗೂ ಎತ್ತಿ ಹೇಳುವುದು ಬೇರೊಂದು ಕಾರಣಕ್ಕೆ. ಇದು ಎಂಥ ಪತ್ರ ಎಂಬುದನ್ನೇ ಮರೆಮಾಚಿ ಸಹಿ ಹಾಕಿಸಿದರೆ ಅದು ಹುಟ್ಟಿನಿಂದಲೇ ಅನೂರ್ಜಿತ. ಒಳಗಿನ ವಿವರದಲ್ಲಷ್ಟೇ ಮೋಸವಾಗಿದ್ದರೆ, ಮೋಸಹೋದವರು ರದ್ದು ಮಾಡಿಸುವತನಕ ಅದು ನಡೆಯುತ್ತದೆ. ನನ್ನನ್ನು ಕಾಡುವುದು ಆ ಸೂಕ್ಷ್ಮವಲ್ಲ. ಅರಿಯದೆ ಕಳೆದುಕೊಂಡದ್ದು ದಕ್ಕಿತು, ಅರಿತು ನುಂಗಿಕೊಂಡದ್ದು ದಕ್ಕಲಿಲ್ಲ. ಗಡುವೇ ಇಲ್ಲದಿದ್ದರೆ ಯಾರ ಮನೆಯ ಹಕ್ಕೂ ನೆಲೆ ನಿಲ್ಲದು, ಒಪ್ಪುತ್ತೇನೆ. ಆದರೆ ಗಂಡನ ಮನೆಯಲ್ಲಿ ಉಣ್ಣುತ್ತ, ಮೂರು ವರ್ಷದೊಳಗೆ ಅವನ ಮೇಲೇ ದಾವೆ ಹೂಡುವ ಹೆಂಡತಿ ಆ ಕಾಲದಲ್ಲಿ ಎಲ್ಲಿದ್ದಳು?

ಈಗಲೂ ಎಷ್ಟಿದ್ದಾರೆ? ‘ಅರಿಶಿನ ಕುಂಕುಮಕ್ಕೆ ಕೊರತೆ ಮಾಡುವುದಿಲ್ಲ ಕಣಮ್ಮ’ ಎಂದು ಅಣ್ಣ ಹೇಳುತ್ತಾನೆ. ತಂಗಿ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಕ್ಯಾಮೆರಾಕ್ಕೆ ಮುಖ ಕೊಟ್ಟು, ಒಪ್ಪಿಗೆಯೇ ಎಂದು ಕೇಳಿದರೆ ತಲೆಯಾಡಿಸುತ್ತಾಳೆ. ಸುಳ್ಳು ಸಹಿ ಮಾಡಿ ಮನೆ ಹೊಡೆದವನನ್ನು ನಾವು ಕಳ್ಳ ಎನ್ನುತ್ತೇವೆ. ನಿಜವಾದ ಸಹಿ ಹಾಕಿಸಿಕೊಂಡು ಹೊಡೆದರೆ ಅದು ‘ಮನೆ ವಿಚಾರ’! ಮುಂದಿನ ಹಬ್ಬಕ್ಕೆ ಅದೇ ಅಣ್ಣನ ಮನೆಗೆ ಹೋಗಬೇಕಾದ ತಂಗಿ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ.

ನಿಮ್ಮ ಮನೆಯಲ್ಲಿ ಅಂಥ ಪತ್ರವಿದ್ದರೆ ನಕಲು ತೆಗೆಸಿ ತಾರೀಕು ನೋಡಿ. ಪತ್ರ ರದ್ದು ಕೋರುವ ದಾವೆಗೆ ಕಾಲಮಿತಿ ಕಾಯ್ದೆಯ 59ನೇ ವಿಧಿಯ ಪ್ರಕಾರ ಇಂದೂ ಮೂರೇ ವರ್ಷ, ಲೆಕ್ಕ ವಿಷಯ ಗೊತ್ತಾದ ದಿನದಿಂದ.