ಮುಖವೋ ತೂಕವೋ

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದ ಮೇಲೆ ಮೂಡಲಪಾಳ್ಯದ ನನ್ನ ಬೆಳ್ಳಿ ಅಂಗಡಿಯಲ್ಲಿ ಆಗಾಗ ಕೇಳುವ ಮಾತು ಇದು: “ಹಳೇ ಕಾಲದ ಹಾಗೆ ಬೆಳ್ಳಿ ರೂಪಾಯಿನೇ ಓಡಾಡಬೇಕಿತ್ತು ಸ್ವಾಮಿ. ಸರ್ಕಾರ ಏನೇ ಅಂದ್ರೂ ಬೆಳ್ಳಿ ಬೆಳ್ಳಿನೇ.” ಹುರುಳಿರುವ ಮಾತೇ. ಆ ರಾತ್ರಿ ಅಜ್ಜಿಯರ ಡಬ್ಬಿಯಲ್ಲಿದ್ದ ಬೆಳ್ಳಿ ರೂಪಾಯಿಗೆ ಏನೂ ಆಗಲಿಲ್ಲ.

ಅಂಥ ಡಬ್ಬಿಯಿಂದ ಬಂದ ಎರಡು ರೂಪಾಯಿ ತೋರಿಸುತ್ತೇನೆ. ಒಂದು 1919ರದ್ದು, ಇನ್ನೊಂದು 1944ರದ್ದು. ಎರಡರ ಮೇಲೂ ಜಾರ್ಜ್ ದೊರೆ, ಅಪ್ಪ ಮತ್ತು ಮಗ. ಎರಡೂ 11.66 ಗ್ರಾಂ. ಒರೆಗಲ್ಲಿಗೆ ತೀಡಿ ಆಸಿಡ್ ಮುಟ್ಟಿಸಿದರೆ ಮಗನ ಗೆರೆ ಹಸಿರಿಗೆ ತಿರುಗುತ್ತದೆ. ಅಪ್ಪನದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ; 1940ರಲ್ಲಿ, ಯುದ್ಧದ ನಡುವೆ, ಅದನ್ನು ಅರ್ಧಕ್ಕಿಳಿಸಿದರು. 1947ರ ರೂಪಾಯಿ ಬರೀ ನಿಕ್ಕಲ್. ಬೆಳ್ಳಿ ಇದ್ದರೆ ಆಳುವವನು ಕೈಚಳಕ ತೋರಿಸಲಾರ ಎನ್ನುವವರು ಆ ಹಸಿರು ಗೆರೆ ನೋಡಬೇಕು.

ಚಿನ್ನದ ಒಂದು ಗಟ್ಟಿಯನ್ನು ಅರಿತರೆ ಚಿನ್ನದಿಂದಾದದ್ದೆಲ್ಲ ಅರಿತಂತೆ, ಉಳಿದದ್ದು ಬರೀ ಹೆಸರು ಎಂದು ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಮಗನಿಗೆ ಹೇಳುತ್ತಾನೆ. ಅಕ್ಕಸಾಲಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮೂಸೆಗೆ ಬಿದ್ದ ಮೇಲೆ ಕಾಲ್ಗೆಜ್ಜೆಯೂ ಒಂದೇ, ಕುಂಕುಮದ ಬಟ್ಟಲೂ ಒಂದೇ. ಆದರೆ ನಾಣ್ಯಕ್ಕೆ ಮಾತ್ರ ಮೇಲೆ ಒತ್ತಿದ ಆ ಹೆಸರೇ ಜೀವ. ತಕ್ಕಡಿಗೆ ಹಾಕಿದ ಗಳಿಗೆಯಿಂದ ಅದು ರೂಪಾಯಿಯಲ್ಲ, ಸರಕು. ಹೈದರ್ ಅಲಿ ಚಿನ್ನದ ವರಹ ಹೊಡೆಸಿದಾಗ ಇಕ್ಕೇರಿ ವರಹದ ಶಿವ-ಪಾರ್ವತಿಯರನ್ನು ಹಾಗೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ. ಚಿನ್ನವೇ ಆದರೂ ಸಂತೆಯ ಜನಕ್ಕೆ ಗುರುತಿನ ಮುಖ ಬೇಕಿತ್ತು.

ದಿನಬಳಕೆಯ ಲೆಕ್ಕವಂತೂ ಕೂಡುವುದೇ ಇಲ್ಲ. ಮೈಸೂರಿನ ಕಂಠೀರವ ಹಣ ತೊಗರಿಬೇಳೆಯಷ್ಟಿತ್ತು, ಗ್ರಾಂನ ಸುಮಾರು ಮೂರನೇ ಒಂದು ಪಾಲು ಚಿನ್ನ. ಚಿಲ್ಲರೆ ವ್ಯಾಪಾರಕ್ಕೆ ಆಗಲೂ ತಾಮ್ರದ ಕಾಸೇ. ಈಗ ಗ್ರಾಂಗೆ ಹತ್ತು ಸಾವಿರ ಅಂತಿಟ್ಟುಕೊಂಡರೂ ಒಂದು ರೂಪಾಯಿಯ ಚಿನ್ನ ಮಿಲಿಗ್ರಾಂನ ಹತ್ತನೇ ಒಂದು ಪಾಲು. ನನ್ನ ತಕ್ಕಡಿ ಅದನ್ನು ಕಾಣುವುದೂ ಇಲ್ಲ. ಬೆಳ್ಳಿ ರೂಪಾಯಿ ಬಿಟ್ಟರೋ, ಸಂಜೆಯೊಳಗೆ ನಮ್ಮಂಥವರ ಮೂಸೆ ಸೇರುತ್ತದೆ; ಉಳಿದವುಗಳ ಅಂಚನ್ನು ಅರದಲ್ಲಿ ಉಜ್ಜುವವರು ಹುಟ್ಟಿಕೊಳ್ಳುತ್ತಾರೆ. ಕೊತ್ತಂಬರಿ ಮಾರುವ ಹೆಂಗಸು ಪಕ್ಕದಲ್ಲಿ ಒರೆಗಲ್ಲು ಇಟ್ಟುಕೊಂಡು ಕೂರಬೇಕು. ಅನುಮಾನ ನನ್ನ ಕಸುಬಿನ ಬಂಡವಾಳ, ಆಕೆಗೇಕೆ ಅದು?

ಹಾಗಂತ ಮುಖವನ್ನೂ ಜನ ಸುಮ್ಮನೆ ನಂಬುವುದಿಲ್ಲ. ಹತ್ತು ರೂಪಾಯಿ ನಾಣ್ಯದಲ್ಲಿ ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ ಅಂತ ಗಾಳಿಸುದ್ದಿ ಹಬ್ಬಿತ್ತಲ್ಲ? 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು 14 ಬಗೆಯವೂ ಚಲಾವಣೆಯಲ್ಲಿವೆ ಎಂದು ಹೇಳಿದರೂ ನಮ್ಮ ಬೀದಿ ಒಪ್ಪಲಿಲ್ಲ. ತಳ್ಳುಗಾಡಿಯವರು ಬೇಡವೆಂದ ನಾಣ್ಯವನ್ನೆಲ್ಲ ಜನ ಮಂಗಳಾರತಿ ತಟ್ಟೆಗೆ ಹಾಕತೊಡಗಿದರು. ದೇವರು ಗೆರೆ ಎಣಿಸುವುದಿಲ್ಲ ಎಂಬ ಧೈರ್ಯ. ಅರ್ಚಕರು ಎಣಿಸುತ್ತಿದ್ದರು.