ಮುಕ್ತಿಯು ದಾನವೋ, ಸಾಧನೆಯೋ?

ವ್ರತೋಪವಾಸಗಳನ್ನು ಆಚರಿಸುವ ಪ್ರತಿಯೊಬ್ಬ ಶ್ರಾವಕನೂ ಒಮ್ಮೆಯಾದರೂ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಾನು ಮಾಡುತ್ತಿರುವ ಈ ಉಪವಾಸವು ಮುಕ್ತಿಗೆ ತೆರುವ ಬೆಲೆಯೇ? ಬೆಲೆಯೆಂದಾದರೆ, ಅದನ್ನು ತೆರಲಾರದ ರೋಗಿಗಳ, ವೃದ್ಧರ, ಅಶಕ್ತರ ಗತಿಯೇನು? ನಮ್ಮ ಮನೆಯಲ್ಲಿ ಈ ಪ್ರಶ್ನೆಯು ಶಾಸ್ತ್ರಸಭೆಯಲ್ಲಿ ಹುಟ್ಟಲಿಲ್ಲ. ರೋಗಿಯ ಹಾಸಿಗೆಯ ಬಳಿಯಲ್ಲಿ ಹುಟ್ಟಿತು.

ನಮ್ಮ ತಾಯಿಯವರು ಅಫಜಲಪುರ ತಾಲೂಕಿನ ಭೀಮಾತೀರದ ಹಳ್ಳಿಯೊಂದರಲ್ಲಿ ಹುಟ್ಟಿ, ಆಳಂದಕ್ಕೆ ಸೊಸೆಯಾಗಿ ಬಂದವರು. ಹತ್ತು ವರ್ಷಗಳ ದಶಲಕ್ಷಣ ವ್ರತವನ್ನು ಕೈಕೊಂಡು ಏಳು ಭಾದ್ರಪದಗಳನ್ನು ನಿರ್ವಿಘ್ನವಾಗಿ ಪೂರೈಸಿದ್ದರು. ಎಂಟನೆಯ ವರ್ಷ ಸಕ್ಕರೆ ರೋಗವು ಉಲ್ಬಣಿಸಿ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಮಲಗಬೇಕಾಯಿತು. ಉಪವಾಸವು ಸರ್ವಥಾ ಕೂಡದೆಂದು ವೈದ್ಯರು ಹೇಳಿದರು. ಶುಕ್ಲ ಪಂಚಮಿಗೆ ಇನ್ನು ನಾಲ್ಕೇ ದಿನ. ನೋಡಲು ಜೇವರ್ಗಿಯಿಂದ ಬಂದಿದ್ದ ಚಿಕ್ಕಮ್ಮನವರು, ವ್ರತಭಂಗವಾದರೆ ಮತ್ತೆ ಮೊದಲಿನಿಂದ ಎಣಿಸಬೇಕಲ್ಲಾ ಎಂದು ನಿಟ್ಟುಸಿರಿಟ್ಟರು. ಆ ರಾತ್ರಿ ತಾಯಿಯವರು ಗೋಡೆಗೆ ಮುಖಮಾಡಿ ಅತ್ತರು.

ಅವರನ್ನು ಉಪಚರಿಸುತ್ತಿದ್ದ ನರ್ಸಬಾಯಿಯು ಮೆಥೋಡಿಸ್ಟ್ ಸಭೆಗೆ ಸೇರಿದ ಕ್ರೈಸ್ತಳು. ಕಾರಣವನ್ನು ತಿಳಿದು ಪಕ್ಕದಲ್ಲಿ ಕುಳಿತು, “ಅವ್ವಾ, ಉಪಾಸ ಮಾಡಿ ದೇವರಿಗಿ ನೀವೇನು ಕೊಡೋದದ? ಮುಕ್ತಿ ಅಂಬೋದು ಆತ ಪುಕ್ಕಟ ಕೊಟ್ಟಾನ. ನಂಬಿ ಕೈ ಒಡ್ಡಿದ್ರ ಸಾಕು” ಎಂದಳು. ತಾಯಿಯವರು ಕಣ್ಣೊರೆಸಿಕೊಂಡು, “ಪುಕ್ಕಟ ಬಂದದ್ದು ನಂದು ಹ್ಯಾಂಗ ಆಗ್ತದ ತಂಗಿ?” ಎಂದು ಕೇಳಿದರು. “ತಾಯಿ ಹಾಲು ಕೂಸು ರೊಕ್ಕಾ ಕೊಟ್ಟು ಕುಡೀತದೇನು? ಆದ್ರೂ ಅದೇ ಕೂಸಿನ ರಕ್ತ ಆಗ್ತದಲ್ಲ?” ಎಂದು ಆಕೆ ನಕ್ಕಳು.

ಪರಧರ್ಮದ ಮಾತೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಒಂದು ಮಾತನ್ನು ಅಲ್ಲಗಳೆಯುವ ಮೊದಲು ಅದರ ನಿಜವಾದ ಅಭಿಪ್ರಾಯವನ್ನು ಅರಿಯುವುದು ಅನೇಕಾಂತವಾದಿಗಳಾದ ನಮ್ಮ ಕರ್ತವ್ಯವಾಗಿದೆ.

ರಕ್ಷಣೆಯು ದೇವರ ಕೃಪೆಯಿಂದ ದೊರೆಯುವ ದಾನವೆಂದೂ, ನಂಬಿಕೆಯ ಮೂಲಕ ಅದನ್ನು ಸ್ವೀಕರಿಸಬೇಕೆಂದೂ, ಕ್ರಿಯೆಗಳಿಂದ ಗಳಿಸಲು ಬಾರದೆಂದೂ ಬಲವಾಗಿ ಸಾರಿದವನು ಪೌಲನು. ರೋಮಾಪುರದವರಿಗೂ ಗಲಾತ್ಯದವರಿಗೂ ಎಫೆಸದವರಿಗೂ ಬರೆದ ಪತ್ರಿಕೆಗಳಲ್ಲಿ ಈ ಮಾತಿದೆ. ಇದನ್ನು ಹೇಳಿದವನು ಆಚಾರಹೀನನಲ್ಲ. ಯೆಹೂದ್ಯರಲ್ಲಿ ನಿಯಮನಿಷ್ಠೆಗೆ ಹೆಸರಾದ ಫರಿಸಾಯರ ಪಂಥದಲ್ಲಿ ಬೆಳೆದು, ಆ ನಿಷ್ಠೆಯಿಂದಲೇ ತನ್ನಲ್ಲಿ ಅಹಂಕಾರವು ಬೆಳೆದುದನ್ನು ಕಂಡವನು. ಯಾರೂ ತನ್ನ ಕ್ರಿಯೆಗಳನ್ನು ಹೇಳಿಕೊಂಡು ಹೆಚ್ಚಳಪಡಬಾರದೆಂಬುದೇ ಅವನ ಮಾತಿನ ಮರ್ಮವಾಗಿದೆ.

ಲೂಕನು ಬರೆದ ಸುವಾರ್ತೆಯಲ್ಲಿ ಯೇಸು ಹೇಳಿದ ದೃಷ್ಟಾಂತವೊಂದು ಇದನ್ನೇ ತಿಳಿಸುತ್ತದೆ. ಇಬ್ಬರು ದೇವಾಲಯಕ್ಕೆ ಹೋಗುತ್ತಾರೆ. ಒಬ್ಬ ಫರಿಸಾಯನು ತಾನು ವಾರಕ್ಕೆ ಎರಡು ಸಲ ಉಪವಾಸ ಮಾಡುವುದನ್ನೂ, ಆದಾಯದ ಹತ್ತನೆಯ ಪಾಲನ್ನು ಕೊಡುವುದನ್ನೂ ದೇವರ ಮುಂದೆ ಎಣಿಸಿ ಹೇಳುತ್ತಾನೆ. ಇನ್ನೊಬ್ಬ ಸುಂಕದವನು ದೂರದಲ್ಲಿ ನಿಂತು, ತಲೆಯೆತ್ತದೆ, ತಾನು ಪಾಪಿಯೆಂದು ಎದೆ ಬಡಿದುಕೊಳ್ಳುತ್ತಾನೆ. ನೀತಿವಂತನೆನಿಸಿ ಮನೆಗೆ ಮರಳಿದವನು ಎರಡನೆಯವನು. ಇಲ್ಲಿ ಖಂಡಿತವಾದುದು ಉಪವಾಸವಲ್ಲ, ಉಪವಾಸದ ಲೆಕ್ಕ.

ಈ ತತ್ತ್ವವು ಯೂರೋಪಿನಲ್ಲಿ ಮತ್ತೆ ಮೇಲೆದ್ದುದೂ ಒಬ್ಬ ತಪಸ್ವಿಯ ಬೇಗುದಿಯಿಂದಲೇ. ಜರ್ಮನಿಯ ಮಾರ್ಟಿನ್ ಲೂಥರನು 1505ರಲ್ಲಿ ಎರ್ಫರ್ಟಿನ ಮಠವನ್ನು ಸೇರಿ, ಜಾಗರಣೆ ಉಪವಾಸಗಳಿಂದ ದೇಹವನ್ನು ದಂಡಿಸಿದರೂ ಶಾಂತಿಯನ್ನು ಕಾಣಲಿಲ್ಲ. ಎಷ್ಟು ಮಾಡಿದರೆ ಸಾಕೆಂಬ ಭೀತಿಯು ಅವನನ್ನು ಬಿಡಲಿಲ್ಲ. ಕೃಪೆಯು ದಾನವೆಂದು ಪೌಲನ ಪತ್ರಿಕೆಯಿಂದ ಅರಿತಾಗ ಆ ಭೀತಿ ಅಳಿಯಿತು. 1517ರಲ್ಲಿ, ಹಣ ಕೊಟ್ಟು ಪಾಪದ ದಂಡನೆಯಿಂದ ಬಿಡುಗಡೆಯ ಪತ್ರವನ್ನು ಕೊಳ್ಳುವ ಪದ್ಧತಿಯನ್ನು ಅವನು ಪ್ರತಿಭಟಿಸಿದನು.

ಹಾಗಾದರೆ ಸತ್ಕ್ರಿಯೆಗಳು ವ್ಯರ್ಥವೇ? ಈ ಆಕ್ಷೇಪವನ್ನು ಕ್ರೈಸ್ತ ಗ್ರಂಥವೇ ಎತ್ತಿದೆ. ಕ್ರಿಯೆಯಿಲ್ಲದ ನಂಬಿಕೆಯು ಸತ್ತದ್ದೆಂದು ಯಾಕೋಬನ ಪತ್ರಿಕೆಯು ಹೇಳುತ್ತದೆ. 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆಯು, ಮನುಷ್ಯನ ಸಹಕಾರವೇ ಬೇಡ, ಕೇವಲ ನಂಬಿಕೆಯೊಂದೇ ಸಾಕೆಂಬ ವಾದವನ್ನು ಖಂಡಿಸಿತು. ಈ ವಿವಾದದಲ್ಲಿ ಶತಮಾನಗಳು ಕಳೆದ ಮೇಲೆ, 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ ಅನುಯಾಯಿಗಳೂ ಜಂಟಿ ಘೋಷಣೆಯೊಂದಕ್ಕೆ ಸಹಿ ಹಾಕಿದರು. ಸತ್ಕ್ರಿಯೆಯು ಕೃಪೆಯ ಬೆಲೆಯಲ್ಲ, ಅದರ ಫಲವೆಂಬುದು ಅದರ ಸಾರ. 2006ರಲ್ಲಿ ಮೆಥೋಡಿಸ್ಟರೂ ಅದಕ್ಕೆ ಸಮ್ಮತಿಯಿತ್ತರು.

ಆ ನರ್ಸಬಾಯಿಯ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿಯ ಚರಿತ್ರೆಯೂ ಇಲ್ಲಿ ಮನನೀಯವಾಗಿದೆ. ಅವನು ಆಕ್ಸ್‌ಫರ್ಡಿನಲ್ಲಿದ್ದಾಗ ವಾರಕ್ಕೆ ಎರಡು ದಿನ ಉಪವಾಸ ಮಾಡುತ್ತಿದ್ದನು. ರಕ್ಷಣೆಯು ದಾನವೆಂಬ ದೃಢನಂಬಿಕೆಯು ಅವನಿಗೆ ಉಂಟಾದುದು 1738ರಲ್ಲಿ. ಆದರೂ 1743ರಲ್ಲಿ ತನ್ನ ಸಂಘಗಳಿಗೆ ಬರೆದ ನಿಯಮಗಳಲ್ಲಿ ಅವನು ಉಪವಾಸವನ್ನು ಸೇರಿಸಿದನು. ದಾನವೆಂದು ನಂಬಿದವನೂ ಉಪವಾಸವನ್ನು ಬಿಡಲಿಲ್ಲ; ಅದರಿಂದ ಏನನ್ನಾದರೂ ಕೊಳ್ಳಬಹುದೆಂಬ ಭಾವನೆಯನ್ನು ಬಿಟ್ಟನು.

ಈಗ ನಮ್ಮ ಸಿದ್ಧಾಂತಕ್ಕೆ ಬರೋಣ. ರತ್ನತ್ರಯದಲ್ಲಿ ಮೊದಲನೆಯದು ಚಾರಿತ್ರವಲ್ಲ, ಸಮ್ಯಗ್ದರ್ಶನ. ಸಮ್ಯಕ್ತ್ವವಿಲ್ಲದ ಘೋರ ತಪಸ್ಸೂ ಅಂಕೆಯಿಲ್ಲದ ಸೊನ್ನೆಗಳ ಸಾಲಿನಂತೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೋಹಿಯಾದ ಮುನಿಗಿಂತ ನಿರ್ಮೋಹಿಯಾದ ಗೃಹಸ್ಥನನ್ನೇ ಶ್ರೇಷ್ಠನೆಂದಿದ್ದಾರೆ. ಮಾಯಾ, ಮಿಥ್ಯಾ, ನಿದಾನಗಳೆಂಬ ಮೂರು ಶಲ್ಯಗಳನ್ನು ಕಿತ್ತೊಗೆಯದವನು ವ್ರತಿಯೇ ಅಲ್ಲವೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಇಷ್ಟು ಉಪವಾಸಕ್ಕೆ ಇಷ್ಟು ಫಲ ದೊರೆಯಲೆಂದು ಆಶಿಸುವುದೇ ನಿದಾನ. ಆದುದರಿಂದ ಉಪವಾಸವು ಬೆಲೆಯಲ್ಲವೆಂಬ ಮಾತಿನಲ್ಲಿ ಆ ನರ್ಸಬಾಯಿಗೂ ನಮಗೂ ಭೇದವಿಲ್ಲ.

ಭೇದವಿರುವುದು ಕೊಡುವವನ ವಿಷಯದಲ್ಲಿ. ಯೇಸುವಿನೊಡನೆ ಶಿಲುಬೆಗೇರಿಸಲ್ಪಟ್ಟ ಕಳ್ಳರಲ್ಲಿ ಒಬ್ಬನು ಕೊನೆಯ ಗಳಿಗೆಯಲ್ಲಿ ಅವನನ್ನು ನಂಬಿದನು. ಆ ದಿನವೇ ಪರದೈಸು ದೊರೆಯುವುದೆಂಬ ಅಭಯವನ್ನು ಪಡೆದನು. ನಮ್ಮಲ್ಲಿಯೂ ಅಂಜನಚೋರನ ಕಥೆಯಿದೆ. ಕೆಳಗೆ ಆಯುಧಗಳು ನೆಟ್ಟಿದ್ದರೂ, ಜಿನದತ್ತ ಶ್ರೇಷ್ಠಿಯ ಮಾತನ್ನು ನಿಶ್ಶಂಕೆಯಿಂದ ನಂಬಿ, ನೆಲುವಿನ ಹಗ್ಗಗಳನ್ನು ಒಂದೇ ಏಟಿಗೆ ಕತ್ತರಿಸಿದ ಕಳ್ಳನವನು. ಆ ಶ್ರದ್ಧೆಯಿಂದ ಆಕಾಶಗಾಮಿನೀ ವಿದ್ಯೆಯು ಸಿದ್ಧಿಸಿತು. ಆದರೆ ಮೋಕ್ಷವು ಅಲ್ಲಿಯೇ ಸಿಕ್ಕಲಿಲ್ಲ. ಅವನು ದೀಕ್ಷೆಯನ್ನು ತಾಳಿ, ತಪಸ್ಸಿನಿಂದ ಕರ್ಮಗಳನ್ನು ಕ್ಷಯಿಸಿ ಕೈಲಾಸ ಪರ್ವತದಲ್ಲಿ ಮುಕ್ತನಾದನು. ಒಂದು ಕಥೆಯಲ್ಲಿ ಶ್ರದ್ಧೆಯು ಬಾಗಿಲನ್ನು ತೆರೆದು ಒಳಗೆ ಕರೆದೊಯ್ಯುತ್ತದೆ; ಇನ್ನೊಂದರಲ್ಲಿ ದಾರಿಯನ್ನು ತೋರಿಸುತ್ತದೆ, ನಡೆಯಬೇಕಾದವನು ತಾನೇ.

ಏಕೆಂದರೆ, ತನ್ನ ಕಷಾಯಗಳಿಂದ ತಾನೇ ಕಟ್ಟಿಕೊಂಡ ಕರ್ಮವನ್ನು ಇನ್ನೊಬ್ಬನು ಬಿಡಿಸಲಾರನು. ವೀತರಾಗನಾದ ಜಿನೇಶ್ವರನೂ ಕೊಡಲಾರನು, ಕಸಿಯಲಾರನು. ಇದು ಕಠೋರವೆಂದು ಕ್ರೈಸ್ತನಿಗೆ ತೋರಬಹುದು. ರೋಗಿಯು ತನ್ನ ಶಸ್ತ್ರಚಿಕಿತ್ಸೆಯನ್ನು ತಾನೇ ಮಾಡಿಕೊಳ್ಳಬಲ್ಲನೇ ಎಂದು ಅವನು ಕೇಳಬಹುದು. ಈ ಪ್ರಶ್ನೆಗೆ ನಮ್ಮ ಉತ್ತರವು ಆ ನರ್ಸಬಾಯಿಯ ಉಪಮಾನದಲ್ಲಿಯೇ ಇದೆ. ಹಾಲು ತಾಯಿಯದು, ಅದಕ್ಕೆ ಕೂಸು ಬೆಲೆ ತೆರಲಿಲ್ಲ. ಆದರೆ ಕುಡಿದು ಜೀರ್ಣಿಸಿಕೊಂಡುದು ಕೂಸಿನ ಉದರವೇ ಹೊರತು ತಾಯಿಯದಲ್ಲ. ಜಿನವಾಣಿಯೂ ಗುರೂಪದೇಶವೂ ನಿಮಿತ್ತ ಕಾರಣಗಳು, ಉಪಾದಾನವು ಆತ್ಮವೇ. ನಾವು ಬೇಡದೆಯೇ, ಬೆಲೆ ತೆರದೆಯೇ ನಮಗೆ ದೊರೆತಿರುವ ಉಪದೇಶಕ್ಕೆ ಕೃತಜ್ಞರಾಗಿರೋಣ; ಮುಕ್ತಿಯನ್ನು ಮಾತ್ರ ಬೇರೆಡೆಯಿಂದ ಬರುವ ವಸ್ತುವೆಂದು ತಿಳಿಯದಿರೋಣ. ಅದು ಆತ್ಮನ ಸ್ವಭಾವವೇ ಆದುದರಿಂದ ಅದನ್ನು ಯಾರೂ ಕೊಡಬೇಕಾಗಿಲ್ಲ, ನಾವು ಕೊಳ್ಳಬೇಕಾಗಿಯೂ ಇಲ್ಲ. ಮುಚ್ಚಿದ ಮಲವನ್ನು ತೊಳೆಯಬೇಕಾಗಿದೆ.

ಹಾಗಾದರೆ ಅಶಕ್ತರ ಗತಿಯೇನು? ಷೋಡಶಕಾರಣ ಭಾವನೆಗಳಲ್ಲಿ ದರ್ಶನವಿಶುದ್ಧಿಯು ಮೊದಲನೆಯದು. ತ್ಯಾಗವನ್ನೂ ತಪವನ್ನೂ ಹೇಳುವಲ್ಲಿ ಆಚಾರ್ಯರು ಶಕ್ತಿಗನುಸಾರವಾಗಿ ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಹನ್ನೆರಡು ತಪಗಳಲ್ಲಿ ಅನಶನವು ಒಂದು ಮಾತ್ರ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನಗಳೆಂಬ ಆರು ಅಂತರಂಗ ತಪಗಳಿಗೆ ಹಾಸಿಗೆ ಹಿಡಿದ ದೇಹವೂ ಅಡ್ಡಿಯಲ್ಲ.

ಇದನ್ನು ನಾನು ತಾಯಿಯವರಿಗೆ ಓದಿ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ತಾವು ಅತ್ತುದು ಮೋಕ್ಷವು ತಪ್ಪೀತೆಂದಲ್ಲ, ಅನಂತ ಚತುರ್ದಶಿಯ ದಿನ ಬಸದಿಯಲ್ಲಿ ವ್ರತಧಾರಿಗಳ ಸಾಲಿನಲ್ಲಿ ತಮ್ಮ ಹೆಸರು ಬರಲಾರದೆಂದು, ಎಂದು ಒಪ್ಪಿಕೊಂಡರು. ನನಗೆ ತಿಳಿದಮಟ್ಟಿಗೆ ಅದೇ ಅವರ ಆ ವರ್ಷದ ಮೊದಲನೆಯ ತಪಸ್ಸು. ಹತ್ತು ದಿನವೂ ವೈದ್ಯರು ಹೇಳಿದ ವೇಳೆಗೆ ಆಹಾರವನ್ನೂ ಔಷಧವನ್ನೂ ತೆಗೆದುಕೊಂಡರು. ದಿನಕ್ಕೊಂದು ಧರ್ಮದಂತೆ ಉತ್ತಮ ಕ್ಷಮೆಯಿಂದ ಉತ್ತಮ ಬ್ರಹ್ಮಚರ್ಯದವರೆಗೆ ಕೇಳಿ ಮನನ ಮಾಡಿದರು. ಗುಣವಾದ ಮೇಲೆ ಗುರುಗಳ ಬಳಿ ಆಲೋಚನೆ ಮಾಡಿಕೊಂಡರು. ಕ್ಷಮಾವಾಣಿಯ ದಿನ ಚಿಕ್ಕಮ್ಮನವರಿಂದ ಕ್ಷಮೆ ಬೇಡಿ, ಆ ನರ್ಸಬಾಯಿಗೂ ಕೈಮುಗಿದು ಕಳುಹಿಸಿದರು.

ಅಂದಿನಿಂದ ಎಷ್ಟು ಉಪವಾಸವಾಯಿತೆಂದು ಯಾರಾದರೂ ಕೇಳಿದರೆ ನಮ್ಮ ತಾಯಿಯವರು ಉತ್ತರವನ್ನು ಕೊಡುವುದಿಲ್ಲ. ಈ ಭಾದ್ರಪದದಲ್ಲಿ ವ್ರತವನ್ನು ಕೈಕೊಳ್ಳುವ ಶ್ರಾವಕ ಶ್ರಾವಿಕೆಯರು ಶಕ್ತಿಯಿದ್ದರೆ ಉಪವಾಸವನ್ನು ಅವಶ್ಯವಾಗಿ ಮಾಡಲಿ. ಆದರೆ ಅದನ್ನು ಎಣಿಸುವ ಕೆಲಸವನ್ನು ಬಿಡಲಿ.